ಎದುರುಮನೆ ಹಾವಿನ ಉಪವಾಸ

ನಮ್ಮ ಬಿಲ್ಡಿಂಗಿನಲ್ಲಿ ಟಿ.ವಿ. ಇಟ್ಟುಕೊಂಡವರಷ್ಟು ದಡ್ಡರು ಬೇರೆ ಇಲ್ಲ. ಬಾಗಿಲು ನಾಲ್ಕು ಬೆರಳು ತೆರೆದಿಟ್ಟು ಕೂತರೆ ಸಾಕು, ದಿನಕ್ಕೊಂದು ಹೊಸ ನಾಟಕ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ನಾನು ಹಾಗೆಯೇ ಕೂರುವುದು. ಗಾಳಿಗೆ ಅಂತ ಸೊಸೆಗೆ ಹೇಳಿದ್ದೇನೆ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಏಸಿ ಹಾಕಿದ ಮನೆಯಲ್ಲಿ, ಕಾರಿಡಾರಿನಿಂದ ಎಂತ ಗಾಳಿ ಬರುತ್ತದೆ ಅಂತ ಅವಳೂ ಕೇಳಿಲ್ಲ. ಸಂಜೆ ಬಂದು ಚಾ ಇಡುತ್ತಾ "ಮತ್ತೆ ಅತ್ತೆ, ಇವತ್ತು ಗಾಳಿ ಹೇಗಿತ್ತು?" ಅನ್ನುತ್ತಾಳೆ.

ಎದುರು ಫ್ಲಾಟಿನವರು ಉಡುಪಿ ಕಡೆಯವರು. ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಒಬ್ಬಳೇ ಮಗಳು. ಈರುಳ್ಳಿಯನ್ನೂ ಮುಟ್ಟದ ಮಡಿ. ಅಂಥ ಮನೆಗೆ ಆ ವರ್ಷ ಮಗಳ ಹಠಕ್ಕೆ ಒಂದು ಹಾವಿನ ಮರಿ ಬಂತು. ಬಂದದ್ದು ಉಣ್ಣಲಿಲ್ಲ. ವಿಷಯ ಇಷ್ಟೇ.

ಜೋಳ

ಇಷ್ಟು ಮಡಿಯ ಹೆಂಗಸು ಹಾವನ್ನು ಮನೆಯೊಳಗೆ ಬಿಟ್ಟದ್ದು ಹೇಗೆ ಅಂತ ನನಗೆ ನಿದ್ದೆ ಬರಲಿಲ್ಲ. ಕೇಳಿಯೇ ಬಿಟ್ಟೆ.

"ಅದು ಕಾರ್ನ್ ಸ್ನೇಕ್ ಅಂತೆ ಅಮ್ಮಾ," ಅಂದಳು ಆಕೆ ಹೆಮ್ಮೆಯಿಂದ. "ಕಾರ್ನ್ ಅಂದರೆ ಜೋಳ ಅಲ್ವಾ? ಜೋಳ ತಿನ್ನುವ ಹಾವು. ವಿಷವೂ ಇಲ್ಲ, ಪಾಪದ್ದು. ನಮ್ಮ ಹಾಗೇ."

ಮಗಳು ಹಿಂದೆ ನಿಂತು ಗೋಡೆ ನೋಡುತ್ತಿದ್ದಳು. ಆ ಮುಖ ನೋಡಿಯೇ ನನಗೆ ಅರ್ಧ ಅರ್ಥವಾಯಿತು.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಪೆನ್ಸಿಲಿನಷ್ಟು ದಪ್ಪದ ಕಿತ್ತಳೆ ಬಣ್ಣದ ಮರಿ. ತಾಯಿ ಸ್ವೀಟ್ ಕಾರ್ನ್ ಬೇಯಿಸಿ, ಆರಿಸಿ, ಬೆಳ್ಳಿ ಬಟ್ಟಲಲ್ಲಿ ಇಟ್ಟಳು. ಹಾವು ಅದರ ಮೇಲೆ ತಲೆ ಇಟ್ಟು ಮಲಗಿತು. ಮರುದಿನ ಬೇರೆ ಜೋಳ. ಅದರ ಮೇಲೂ ಮಲಗಿತು. ಒಂದು ವಾರ ಕಳೆಯುವಾಗ ಆಕೆಯ ಹೆಮ್ಮೆಯೆಲ್ಲ ಇಳಿದು, ಕಣ್ಣಲ್ಲಿ ನೀರು.

"ಮನೆಗೆ ಬಂದ ನಾಗ ಉಪವಾಸ ಸತ್ತರೆ ಸರ್ಪದೋಷ ಅಲ್ವಾ ಅಮ್ಮಾ? ನಾಳೆ ಇವಳ ಮದುವೆಯ ಗತಿ ಎಂತ? ವಾಪಸು ಕೊಡುವ ಅಂದರೆ, ಹಸಿದುಕೊಂಡೇ ಹೊಸಿಲು ದಾಟಿದ ಹಾಗಾಯ್ತು. ಅದೂ ದೋಷವೇ."

"ಹಾಗಾದರೆ ಉಣ್ಣಿಸಲೇ ಬೇಕು ಮಾರಾಯ್ತಿ. ಬೇರೆ ದಾರಿ ಇಲ್ಲ," ಅಂದೆ.

ಆಕೆ ತುಂಬ ಯೋಚನೆ ಮಾಡಿ ಕೇಳಿದಳು, "ಇಂಗಿನ ಒಗ್ಗರಣೆ ಕೊಟ್ಟು ನೋಡಲಾ?"

ಪಿಂಕಿ

ಆ ವಾರವೇ ನನ್ನ ಬಾಗಿಲಿನ ಸಂದಿಗೆ ಚಿನ್ನದಂಥ ಸುದ್ದಿ ಬಂತು. ಎದುರುಮನೆ ಗಂಡ ಲಿಫ್ಟಿನ ಹತ್ತಿರ ನಿಂತು, ಗೋಡೆಗೆ ಮುಖ ಮಾಡಿ, ಫೋನಿನಲ್ಲಿ ಪಿಸುಗುಡುತ್ತಿದ್ದಾನೆ.

"ಭಾಯಿ, ಪಿಂಕಿ ಹೈ ಕ್ಯಾ? ಛೋಟಾ ವಾಲಾ ಚಾಹಿಯೇ. ಘರ್ ಮತ್ ಭೇಜೋ, ಬೀವಿ ಕೋ ಮಾಲೂಮ್ ನಹೀ. ಮೈ ಖುದ್ ಆತಾ ಹೂಂ."

ನನಗೆ ಹಿಂದಿ ಅಷ್ಟಕ್ಕಷ್ಟೆ. ಆದರೆ ಪಿಂಕಿ ಬೇಕು, ಚಿಕ್ಕವಳೇ ಬೇಕು, ಮನೆಗೆ ಕಳಿಸಬೇಡ, ಹೆಂಡತಿಗೆ ಗೊತ್ತಿಲ್ಲ, ನಾನೇ ಬರುತ್ತೇನೆ, ಇಷ್ಟು ಅರ್ಥವಾಗಲಿಕ್ಕೆ ಶಾಲೆಗೆ ಹೋಗಬೇಕಾ? ಹಣೆಯಲ್ಲಿ ಗಂಧ, ಬಾಯಲ್ಲಿ ಪಿಂಕಿ!

ನಾನು ಯಾರಿಗೂ ಹೇಳಲಿಲ್ಲ. ದುಬೈಯ ನೈಫ್‌ನಲ್ಲಿ ನನ್ನ ನಾದಿನಿ ಇದ್ದಾಳೆ, ಗಂಡನದು ಬಟ್ಟೆ ಅಂಗಡಿ. ಅವಳಿಗೆ ಮಾತ್ರ ಹೇಳಿದೆ. ನಾದಿನಿಗೆ ಹೇಳಿದರೆ ಹೇಳಿದ ಹಾಗಲ್ಲ. ಸುದ್ದಿ ನೈಫ್‌ಗೆ ಹೋದಾಗ ಪಿಂಕಿ ಬರೀ ಪಿಂಕಿ. ಅಬುಧಾಬಿಗೆ ವಾಪಸು ಬರುವಾಗ ಅವಳಿಗೆ ಎರಡು ಮಕ್ಕಳು, ಶಾರ್ಜಾದಲ್ಲಿ ಫ್ಲಾಟು.

ಸುದ್ದಿ ಕೊನೆಗೆ ಹೆಂಡತಿಯ ಕಿವಿಗೂ ಬಿತ್ತು. ಆಕೆ ಅಳಲಿಲ್ಲ, ಕೂಗಲಿಲ್ಲ, ಸಾರು ಮಾಡಲು ಹೋದಳು. ಹೆಂಗಸಿಗೆ ಸಿಟ್ಟು ಬಂದರೆ ಹಾಗೆಯೇ. ತೆಂಗಿನ ತುರಿಗೆ ಅಂತ ಫ್ರೀಜರ್ ತೆರೆದು ಕೈ ಹಾಕಿದರೆ, ತುರಿಯ ಪ್ಯಾಕೆಟಿನ ಹಿಂದೆ ಇನ್ನೊಂದು ಪ್ಯಾಕೆಟು. ಮೇಲೆ ಬರೆದದ್ದು: ಪಿಂಕಿ. ಕಿರುಚಾಟ ಕೇಳಿ ನಾನು ಓಡಿದೆ. ಚಪ್ಪಲಿ ಕೂಡ ಹಾಕಲಿಲ್ಲ.

ಪ್ಯಾಕೆಟಿನಲ್ಲಿ ಕಣ್ಣು ಬಿಡದ, ಕೂದಲಿಲ್ಲದ, ಗುಲಾಬಿ ಬಣ್ಣದ ಇಲಿಮರಿಗಳು, ಐಸು ಹಿಡಿದು ಕಲ್ಲಾಗಿವೆ. ಗಂಡ ಕೈ ಮುಗಿದು ನಿಂತಿದ್ದಾನೆ. "ಇದಕ್ಕೇ ಪಿಂಕಿ ಅನ್ನುವುದು ಮಾರಾಯ್ತಿ! ಹಾವು ತಿನ್ನುವುದು ಇದನ್ನೇ, ಜೋಳ ಅಲ್ಲ. ನಿನಗೆ ಹೇಳಿದರೆ ಹಾವನ್ನೂ ನನ್ನನ್ನೂ ಒಟ್ಟಿಗೆ ಹೊರಗೆ ಹಾಕ್ತಿ ಅಂತ ಮಗಳು ಹೆದರಿದಳು."

ಆಕೆ ಪ್ಯಾಕೆಟನ್ನು ಎದೆಗೊತ್ತಿಕೊಂಡು ಕುರ್ಚಿಯಲ್ಲಿ ಕುಸಿದಳು. "ಇಲಿಯಾ? ದೇವರು ದೊಡ್ಡವನು! ಬರೀ ಸತ್ತ ಇಲಿಯಾ!"

ಉಣ್ಣಿಸುವ ಕ್ರಮ

ಆದರೆ ಹಾವು ಪಿಂಕಿಯನ್ನೂ ಮೂಸಲಿಲ್ಲ. ಗಂಡ ಬಿಸಿನೀರಲ್ಲಿ ಇಲಿಮರಿ ಬೆಚ್ಚಗೆ ಮಾಡಿ, ಚಿಮುಟದಲ್ಲಿ ಹಿಡಿದು, ಜೀವ ಇದ್ದ ಹಾಗೆ ಕುಣಿಸಿದ. ಹಾವು ಆ ಕಡೆ ತಿರುಗಿತು. ಅವನೂ ಆ ಕಡೆ ಹೋಗಿ ಕುಣಿಸಿದ. ಹಾವು ಈ ಕಡೆ ತಿರುಗಿತು. ಕೊನೆಗೆ ಕುಣಿಯುತ್ತಿದ್ದದ್ದು ಅವನೊಬ್ಬನೇ.

"ಸರಿಯಿರಿ, ನಿಮಗೆ ಉಣ್ಣಿಸಿ ಗೊತ್ತಿಲ್ಲ," ಅಂತ ಹೆಂಡತಿ ಸೆರಗು ಕಟ್ಟಿದಳು. ಅಷ್ಟರಲ್ಲಿ ಆಕೆಗೆ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ, ಇದ್ದದ್ದು ಒಂದೇ ಹಠ. "ಇದು ಅಪ್ಪನ ತುತ್ತು... ಇದು ಅಜ್ಜಿಯ ತುತ್ತು..."

"ಅಮ್ಮಾ, ಪ್ಲೀಸ್! ಇಟ್ಸ್ ಎ ಸ್ನೇಕ್!" ಅಂದಳು ಮಗಳು.

"ಸುಮ್ಮನಿರು. ನೀನೂ ಹೀಗೇ ಬಾಯಿ ಮುಚ್ಚಿಕೊಂಡು ಕೂರ್ತಿದ್ದೆ."

ತೀರ್ಥ

ಹಾವು ಸೊರಗಿ ನೂಲಿನ ಹಾಗಾಯಿತು. ಮಗಳು ಕಂಪ್ಯೂಟರಿನಲ್ಲಿ ಓದಿ ಓದಿ ಒಂದು ಉಪಾಯ ಹುಡುಕಿದಳು: ಇಲಿಮರಿಗೆ ಮೀನಿನ ವಾಸನೆ ಹಚ್ಚಿದರೆ ಕೆಲವು ಮರಿಗಳು ಬಾಯಿ ಹಾಕುತ್ತವಂತೆ. ಮೀನು ಎಲ್ಲಿ ಸಿಗುತ್ತದೆ? ನನ್ನ ಅಡುಗೆಮನೆಯಲ್ಲಿ.

ನಾನು ಬಂಗುಡೆ ಹುರಿದ ದಿನವೆಲ್ಲ ಮೂಗು ಮುಚ್ಚಿಕೊಂಡು ಲಿಫ್ಟಿಗೆ ಓಡುತ್ತಿದ್ದ ಹೆಂಗಸು ಸ್ಟೀಲ್ ಲೋಟ ಹಿಡಿದು ನನ್ನ ಬಾಗಿಲಲ್ಲಿ ನಿಂತಳು. "ಅಮ್ಮಾ... ಮೀನು ತೊಳೆದ ನೀರು ಸ್ವಲ್ಪ ಉಂಟಾ?"

"ಎಂತ? ಕೇಳಿಸಲಿಲ್ಲ."

"ಮೀನು ತೊಳೆದ ನೀರು."

"ಸ್ವಲ್ಪ ಜೋರಾಗಿ ಹೇಳು ಮಗಾ, ಪ್ರಾಯ ಆಯ್ತು ನನಗೆ."

ಮೂರು ಸಲ ಹೇಳಿಸಿಯೇ ಕೊಟ್ಟೆ. ಲೋಟದ ಮೇಲೆ ತಟ್ಟೆ ಮುಚ್ಚಿಕೊಂಡು ಆಕೆ ಹೊರಡುವಾಗ ಪಕ್ಕದ ಫ್ಲಾಟಿನ ನರ್ಸು ಎದುರಾದಳು. ಮಂಗಳೂರಿನ ಕ್ರಿಸ್ತರ ಹುಡುಗಿ, ಭಾರೀ ಒಳ್ಳೆಯವಳು.

"ಎಂತ ಆಂಟಿ, ಅಷ್ಟು ಜಾಗ್ರತೆಯಲ್ಲಿ?"

ಪಾಪ, ಗಾಬರಿಯಲ್ಲಿ ಆಕೆಯ ಬಾಯಿಗೆ ಬಂದದ್ದು, "ತೀರ್ಥ."

ನರ್ಸು ಚಪ್ಪಲಿ ಬಿಟ್ಟು ಬಲಗೈ ಚಾಚಿದಳು. "ನನಗೂ ಒಂದು ಚೂರು ಕೊಡಿ ಆಂಟಿ, ನಾಳೆ ಪರೀಕ್ಷೆ ಉಂಟು."

ಪಾಯಸ

ಬಂಗುಡೆ ನೀರಲ್ಲಿ ಅದ್ದಿದ ಪಿಂಕಿಯನ್ನು ಡಬ್ಬಿಯಲ್ಲಿಟ್ಟು, ಮೇಲೆ ಟವೆಲ್ ಮುಚ್ಚಿ, ಎಲ್ಲರೂ ಕೋಣೆಯಿಂದ ಹೊರಗೆ ಬಂದೆವು. ಯಾರಾದರೂ ನೋಡುತ್ತಿದ್ದರೆ ಮರಿ ತಿನ್ನುವುದಿಲ್ಲವಂತೆ. ಗಂಡ ಹಾಲ್‌ನಲ್ಲಿ ಆಚೆ ಈಚೆ ನಡೆದ. ಮಗಳು ಉಗುರು ಕಚ್ಚಿದಳು. ತಾಯಿ ನಾಗಬನಕ್ಕೆ ಹರಕೆ ಹೇಳಿಕೊಂಡಳು. ನಾನು ಬೀಗದ ತೂತಿಗೆ ಕಣ್ಣಿಟ್ಟೆ. ನನ್ನನ್ನು ಎಳೆದು ಕೂರಿಸಿದರು.

ಮಗಳು ಮೆಲ್ಲ ಹೋಗಿ ಟವೆಲ್ ಸರಿಸಿದಳು. ಹಾವಿನ ಬಾಯಿಂದ ಒಂದು ಗುಲಾಬಿ ಬಾಲ ಇಣುಕುತ್ತಿತ್ತು. ನೋಡುತ್ತಿದ್ದ ಹಾಗೆ ಅದೂ ಒಳಗೆ.

"ಉಂಡಿತು! ನನ್ನ ಮಗು ಉಂಡಿತು!" ತಾಯಿ ನನ್ನನ್ನು ತಬ್ಬಿಕೊಂಡು ಅತ್ತಳು. ಮೈಯೆಲ್ಲ ಮೀನು ನಾರುತ್ತಿದ್ದದ್ದು ಈ ಸಲ ನಾನಲ್ಲ, ಅವಳು.

ಅದೇ ಸಂಜೆ ಕಡಲೆಬೇಳೆ ಪಾಯಸ ಮಾಡಿ ಮನೆಮನೆಗೆ ಹಂಚಿದಳು. ಎಂತ ವಿಶೇಷ ಅಂತ ಕೇಳಿದವರಿಗೆಲ್ಲ ಸಂತೋಷದಲ್ಲಿ ಒಂದೇ ಉತ್ತರ: "ನಮ್ಮಲ್ಲಿ ಅನ್ನಪ್ರಾಶನ."

ನಾನು ನಾದಿನಿಗೆ ಫೋನು ಮಾಡಿದೆ. ಒಂದು ಸುಳ್ಳೂ ಹೇಳಲಿಲ್ಲ. ಎದುರುಮನೆಯಿಂದ ಅನ್ನಪ್ರಾಶನದ ಪಾಯಸ ಬಂತು ಅಂದೆ. ಯಾರಿಗೆ ಅಂತ ಅವಳು ಕೇಳಲಿಲ್ಲ. ಕೇಳದ್ದನ್ನು ಹೇಳುವ ಅಭ್ಯಾಸ ನನಗಿಲ್ಲ.

ಮರುದಿನ ಶುಕ್ರವಾರ, ಆಗ ಇಲ್ಲಿ ವಾರದ ರಜೆ. ನಾದಿನಿ ದುಬೈಯಿಂದ ಬೆಳಿಗ್ಗೆಯೇ ಬಂದಿಳಿದಳು. ಜರಿ ಸೀರೆ, ಕೈಯಲ್ಲಿ ಉಡುಗೊರೆ ಪೆಟ್ಟಿಗೆ. "ಇಷ್ಟು ಪ್ರಾಯದಲ್ಲಿ ಅಂತೆ ಅತ್ತಿಗೆ! ಹೊಟ್ಟೆ ಇದ್ದದ್ದೂ ಯಾರಿಗೂ ಗೊತ್ತಾಗಲಿಲ್ಲ ನೋಡಿ!" ಅಂತ ನನ್ನ ಕಿವಿಯಲ್ಲಿ ಊದಿ, ಎದುರುಮನೆಗೆ ನುಗ್ಗಿದಳು. ನಾನು ಹಿಂದೆಯೇ ಹೋದೆ. ಗಾಳಿಗೆ ಅಲ್ಲ.

"ಮಗು ಎಲ್ಲಿ?"

"ಒಳಗೆ ಮಲಗಿದೆ ಅಕ್ಕ," ಅಂದಳು ಎದುರುಮನೆಯಾಕೆ. ವಿಷಯ ಗೊತ್ತಿದ್ದೇ ಬಂದಿದ್ದಾರೆ ಅಂತ ಅವಳ ಎಣಿಕೆ.

"ಒಮ್ಮೆ ಎತ್ತಿಕೊಳ್ಳಲಾ?"

"ಎರಡು ದಿನ ಎತ್ತಬಾರದು ಅಕ್ಕ. ನಿನ್ನೆಯಷ್ಟೇ ಉಂಡದ್ದು, ಅಲುಗಿಸಿದರೆ ಕಕ್ಕುತ್ತದೆ."

"ಬೇಡ, ಬೇಡ. ಮುಖ ನೋಡಿದರೆ ಸಾಕು. ಅಪ್ಪನ ಹಾಗುಂಟಾ, ನಿನ್ನ ಹಾಗುಂಟಾ?" ಅಂತ ನಾದಿನಿ ಕೋಣೆಯೊಳಗೆ ಹೋಗಿ, ಬಗ್ಗಿ ಟವೆಲ್ ಎತ್ತಿದಳು.

ಹಾವು ನಾಲಿಗೆ ಚಾಚಿತು. ನಾದಿನಿ ಜರಿ ಸೀರೆಯ ಸಮೇತ ಪಕ್ಕದ ಮಂಚದ ಮೇಲೆ ಬಿದ್ದಳು.

ನೀರು ಚಿಮುಕಿಸಿ, ಗಾಳಿ ಬೀಸಿ, ಅಂತೂ ಕಣ್ಣು ಬಿಡಿಸಿದೆವು. ಕಣ್ಣು ಬಿಡುವಾಗ ಎದುರುಮನೆಯಾಕೆ ಪೆಟ್ಟಿಗೆ ಬಿಚ್ಚಿ, ಒಳಗಿದ್ದ ಬೆಳ್ಳಿಯ ಉಡಿದಾರವನ್ನು ಎತ್ತಿ ಹಿಡಿದು, ಒಮ್ಮೆ ಅದನ್ನೂ ಒಮ್ಮೆ ಹಾವನ್ನೂ ನೋಡುತ್ತಿದ್ದಳು.

"ಭಾರೀ ಚೆಂದ ಉಂಟು ಅಕ್ಕ," ಅಂದಳು. "ಆದರೆ ಇದಕ್ಕೆ ಸೊಂಟ ಎಲ್ಲಿ ಅಂತ ನೀವೇ ಒಮ್ಮೆ ತೋರಿಸಿ ಕೊಡಬೇಕು."