ಮೂಲಂಗಿಗೆ ಸಾಸಿವೆಯ ಕಾವಲು

ಹೆಮ್ಮೆ ಪಡಲು ದೊಡ್ಡ ಕಾರಣವೇ ಬೇಕೆಂಬ ಹಟ ನನಗಿಲ್ಲ. ಹೊಸಂಗಡಿಯಲ್ಲಿ ಬಸ್ಸು ಹತ್ತಿದಾಗ ಕಿಟಕಿ ಬದಿಯ ಸೀಟು ಸಿಕ್ಕರೂ ಶಾಲೆ ತಲುಪುವವರೆಗೆ ಎದೆಯುಬ್ಬಿಸಿ ಕೂರುವವನು ನಾನು. ಅಂಥವನನ್ನು ಮೂರು ವರ್ಷ ತಲೆ ತಗ್ಗಿಸುವಂತೆ ಮಾಡಿದ್ದು ನಮ್ಮ ಹಿತ್ತಿಲಿನ ಮೂಲಂಗಿ. ಮಳೆಗಾಲ ಮುಗಿದೊಡನೆ ಬೀಜ ಹಾಕುತ್ತಿದ್ದೆ. ನಾಲ್ಕೆಲೆ ಬರುವಷ್ಟರಲ್ಲಿ ಎಳ್ಳಿನ ಗಾತ್ರದ ಕಪ್ಪು ಹುಳಗಳು ಬಂದು ಎಲೆಗಳನ್ನು ಜರಡಿ ಮಾಡುತ್ತಿದ್ದವು. ಕೊನೆಗೆ ಕಿತ್ತರೆ ಕೈಗೆ ಬರುತ್ತಿದ್ದದ್ದು ಇಲಿಯ ಬಾಲ. "ಇದನ್ನು ಸಾಂಬಾರಿಗೆ ಹಾಕುವುದಾ, ಒಗ್ಗರಣೆಗಾ?" ಎಂದು ಹೆಂಡತಿ ಸುಮತಿ ಬಹಳ ಗಂಭೀರವಾಗಿ ಕೇಳುತ್ತಿದ್ದಳು. ಜೀವಶಾಸ್ತ್ರ ಕಲಿಸುವವನ ಮನೆಯಲ್ಲಿ ಕೇಳಬಾರದ ಪ್ರಶ್ನೆ ಅದು.

ಕಳೆದ ವರ್ಷ ಪಕ್ಕದ ಮನೆಯ ಲೂಸಿ ಬಾಯಿ ಬೇಲಿಯಾಚೆಯಿಂದ ನೋಡಿ ಹೇಳಿದರು: "ಮೂಲಂಗಿ ಒಂದನ್ನೇ ಹಾಕಿದರೆ ಹುಳ ಮತ್ತೆಲ್ಲಿಗೆ ಹೋಗ್ತದೆ ಮಾಸ್ಟ್ರೇ? ಸುತ್ತ ಸಾಸಿವೆ ಹಾಕಿ, ನಡುವೆ ಕೊತ್ತಂಬರಿ. ಹುಳಕ್ಕೆ ಸಾಸಿವೆ ಸೊಪ್ಪೆಂದರೆ ಜೀವ." ನಾನು ನಕ್ಕುಬಿಟ್ಟೆ. ಪಠ್ಯಪುಸ್ತಕದಲ್ಲಿ ಇಲ್ಲದ್ದನ್ನು ಒಪ್ಪುವುದು ನನಗೆ ಸ್ವಲ್ಪ ಕಷ್ಟ. ನಾನು ಶಾಲೆಗೆ ಹೋಗಿದ್ದ ಒಂದು ದಿನ ಅವರೇ ಬಂದು, ಸುಮತಿಯನ್ನು ಸೇರಿಸಿಕೊಂಡು ಸಾಸಿವೆ, ಕೊತ್ತಂಬರಿ ಎರಡನ್ನೂ ಬಿತ್ತಿ ಹೋದರು. ಮೂಲಂಗಿ ಬೀಜ ಹಾಕುವ ಕೆಲಸ ಮಾತ್ರ ದೊಡ್ಡ ಮನಸ್ಸಿನಿಂದ ನನಗೆ ಬಿಟ್ಟಿದ್ದರು. ಸುಮತಿ ಹೇಳಿದ ದಿನ, ಲೆಕ್ಕ ಕೇಳದೆ, ಹಾಕಿದೆ.

ಹುಳಗಳು ಲೂಸಿ ಬಾಯಿಯ ಮಾತು ಕೇಳಿದವು. ಸಾಸಿವೆ ಎಲೆಗಳೆಲ್ಲ ತೂತು ಬಿದ್ದವು. ಮೂಲಂಗಿ ಸೊಪ್ಪು ಹಸಿರಾಗಿ ನಿಂತಿತು. ಮೊದಲ ಮೂಲಂಗಿ ನನ್ನ ಮುಂಗೈಯಷ್ಟು ದಪ್ಪವಿತ್ತು. ಚೀಲಕ್ಕೆ ಹಾಕಿದರೆ ಯಾರಿಗೂ ಕಾಣುವುದಿಲ್ಲವೆಂದು ಕೈಯಲ್ಲಿ ಹಿಡಿದೇ ಬಸ್ಸು ಹತ್ತಿದೆ. "ಇದೆಂತ ಸರ್, ನಿಮ್ಮ ಹಿತ್ತಿಲಿನದ್ದಾ?" ಎಂದು ಮುಖ್ಯೋಪಾಧ್ಯಾಯಿನಿ ಕೇಳಿದ್ದು ಎಷ್ಟು ಇಷ್ಟವಾಯಿತೆಂದರೆ, ಮಧ್ಯಾಹ್ನ ಅದನ್ನು ಹಿಡಿದುಕೊಂಡು ಅವರ ಕೋಣೆಯ ಮುಂದೆ ಇನ್ನೊಮ್ಮೆ ಹಾದುಹೋದೆ.

ಸುದ್ದಿ ಹಬ್ಬಿ, ಊರ ವಾಚನಾಲಯದವರು ಮಾತಾಡಲು ಕರೆದರು. "ನನ್ನ ಪ್ರಯೋಗದಲ್ಲಿ ಕಂಡಂತೆ" ಎಂದು ಶುರುಮಾಡಿದವನು ಆ ಪ್ರಯೋಗವನ್ನು ಬಿಡದೆ ಅರ್ಧ ಗಂಟೆ ಎಳೆದೆ. ಮುಂದಿನ ಸಾಲಿನಲ್ಲಿ ಲೂಸಿ ಬಾಯಿ ಇದ್ದರು. ಮುಖದಲ್ಲಿ ಕೋಪವಿಲ್ಲ, ನಗುವೂ ಇಲ್ಲ. ಅವರ ಪಕ್ಕದಲ್ಲಿ ಕುಳಿತ ಸುಮತಿ ನೆಲ ನೋಡುತ್ತಿದ್ದಳು. ಆಗ ಹಿಂದಿನಿಂದ ಒಬ್ಬರು ಎದ್ದು, "ಸಾಸಿವೆಯನ್ನು ಮೂಲಂಗಿಗಿಂತ ಎಷ್ಟು ದಿನ ಮೊದಲು ಹಾಕಬೇಕು ಮಾಸ್ಟ್ರೇ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಏನಾದರೊಂದು ಸಂಖ್ಯೆ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಸುಮತಿ ತಲೆಯೆತ್ತಿದಳು. "ಅದನ್ನು ಬಿತ್ತಿದವರು ಇಲ್ಲೇ ಇದ್ದಾರೆ. ಉಪಾಯವೂ ಅವರದ್ದೇ, ನನ್ನದಲ್ಲ," ಎಂದು ಮೈಕನ್ನು ಲೂಸಿ ಬಾಯಿಗೆ ಕೊಟ್ಟೆ.

"ಹತ್ತು ದಿನ ಮೊದಲು," ಎಂದರು ಅವರು. "ಮೂಲಂಗಿ ಮೊಳೆಯುವಾಗ ಸಾಸಿವೆ ಎದ್ದು ನಿಂತಿರಬೇಕು. ಅಷ್ಟೇ ಉಂಟು." ನನ್ನ ಅರ್ಧ ಗಂಟೆಯಲ್ಲಿ ಪೆನ್ನು ತೆಗೆಯದವರೆಲ್ಲ ಅದನ್ನು ಬರೆದುಕೊಂಡರು. ಚಪ್ಪಾಳೆಯೂ ಜೋರಾಗಿಯೇ ಬಿತ್ತು.

ಅಂದಿನಿಂದ ನಾನು ಮೂಲಂಗಿಯ ವಿಷಯ ಎತ್ತುವುದೇ ಇಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ, ತುಂಬಿದ ಸಭೆಯಲ್ಲಿ ನಾನು ಎಷ್ಟು ವಿನಯದಿಂದ ಮೈಕು ಬಿಟ್ಟುಕೊಟ್ಟೆ ಎಂಬುದನ್ನು ಮಾತ್ರ ವಿವರವಾಗಿ ಹೇಳುತ್ತೇನೆ.