ಕುಂಕುಮ ಹಚ್ಚಿ ಕರೆದ ತರ್ಕಶಾಸ್ತ್ರ

ಬೇಸಿಗೆಯ ರಜೆ ಎಂಬುದು, ಮಾಸ್ತರರಿಗೆ ಸಂಬಳ ಕಡಿಮೆ ಕೊಡಿಸಿದ್ದಕ್ಕಾಗಿ ದೇವರು ತಾನೇ ವಿಧಿಸಿಕೊಂಡ ಪ್ರಾಯಶ್ಚಿತ್ತ ಎಂದು ನಾನು ಬಹಳ ವರ್ಷ ನಂಬಿದ್ದೆ. ಉಳಿದವರು ಮೇ ತಿಂಗಳಲ್ಲಿ ಬೆವರು ಸುರಿಸುತ್ತ ಕಚೇರಿಗೆ ಹೋಗುವಾಗ ನಾವು ನೆಲದ ಮೇಲೆ ಒದ್ದೆ ಪಂಚೆ ಹಾಸಿಕೊಂಡು ಮಲಗುತ್ತೇವೆ. ಲೆಕ್ಕ ಅಲ್ಲಿಗೆ ಸರಿಹೋಯಿತು. ಪುಣೆಯಲ್ಲಂತೂ ಮಧ್ಯಾಹ್ನದ ನಿದ್ರೆಗೆ ಒಂದು ಬಗೆಯ ಪೌರೋಹಿತ್ಯದ ಗೌರವವಿದೆ. ಒಂದರಿಂದ ನಾಲ್ಕರವರೆಗೆ ಅಂಗಡಿಯವನೂ ಗಿರಾಕಿಯನ್ನು ಶತ್ರುವಿನಂತೆ ನೋಡುತ್ತಾನೆ. ಇಂಥ ಊರಿನ ಅಂಚಿನಲ್ಲಿ, ನಿಗಡಿಯ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ, ನಾನು ಇಪ್ಪತ್ತು ವರ್ಷ ತರ್ಕಶಾಸ್ತ್ರ ಕಲಿಸಿದೆ. ಕಲಿಸಿದೆ ಎಂಬುದಕ್ಕೆ ಸಾಕ್ಷಿ ಇದೆ. ಯಾರಾದರೂ ಕಲಿತರು ಎಂಬುದಕ್ಕೆ ಇಲ್ಲ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಶಿಕ್ಷಣದ ಪದ್ಧತಿ ಬದಲಾಯಿತು. ಹುಡುಗರೆಲ್ಲ ವಾಣಿಜ್ಯದ ಕಡೆಗೆ, ಇಲ್ಲವೇ ಭೋಸರಿಯ ಕಾರಖಾನೆಗಳಲ್ಲಿ ಕೆಲಸ ಕೊಡಿಸುವ ವಿದ್ಯೆಗಳ ಕಡೆಗೆ ಹೊರಟುಹೋದರು. ನನ್ನ ವರ್ಗ ಬಿಸಿಲಿಗೆ ಇಟ್ಟ ಹಪ್ಪಳದಂತೆ ವರ್ಷದಿಂದ ವರ್ಷಕ್ಕೆ ಸುಕ್ಕಾಗುತ್ತ ಬಂತು. ಕೊನೆಯ ವರ್ಷ ಉಳಿದವನು ಒಬ್ಬ. ಅವನೂ ಮುಂದಿನ ಬಸ್ಸಿಗೆ ಒಂದು ತಾಸು ಹೊತ್ತಿದ್ದುದರಿಂದ ಬಂದು ಕೂಡುತ್ತಿದ್ದ ಎಂದು ಆಮೇಲೆ ತಿಳಿಯಿತು.

ಹೀಗಿರುವಾಗ ನಮ್ಮ ಪ್ರಾಂಶುಪಾಲರಿಗೆ ಬೇಸಿಗೆಯ ತರಗತಿಗಳ ಹುಚ್ಚು ಹತ್ತಿತು. ಕಾಲೇಜಿನ ಕಟ್ಟಡ ಎರಡು ತಿಂಗಳು ಖಾಲಿ ಬಿದ್ದಿರುವುದು ರಾಷ್ಟ್ರದ್ರೋಹ ಎಂಬ ಅರ್ಥ ಬರುವಂತೆ ಮಾತಾಡಿದರು. ಪ್ರತಿ ವಿಭಾಗವೂ ಊರಿನ ಜನರಿಗಾಗಿ ಹದಿನೈದು ದಿನದ ಒಂದು ತರಗತಿ ನಡೆಸಬೇಕು. ಕನಿಷ್ಠ ಇಪ್ಪತ್ತು ಜನ ಬರಬೇಕು. ಬಾರದಿದ್ದರೆ? ಅವರು ಕನ್ನಡಕ ಒರೆಸುತ್ತ ಬಹಳ ಮೃದುವಾಗಿ, ಅಂಥ ವಿಭಾಗಕ್ಕೆ ಜೂನಿನಿಂದ ವಿಶ್ರಾಂತಿ ಕೊಡಲಾಗುವುದು ಎಂದರು. ತರ್ಕಶಾಸ್ತ್ರ ವಿಭಾಗವೆಂದರೆ ನಾನು ಮತ್ತು ಒಂದು ಕಾಲು ಕುಂಟುವ ಕುರ್ಚಿ. ಕುರ್ಚಿಗೆ ಬೇರೆ ಕಡೆ ಕೆಲಸ ಸಿಗುವ ಸಂಭವವಿತ್ತು. ನನಗೆ ಆಗ ನಲವತ್ತೆಂಟು.

ಸಹೋದ್ಯೋಗಿಗಳು ಅಂದೇ ಸಂಜೆ ತಮ್ಮ ತಮ್ಮ ಅಂಗಡಿ ತೆರೆದರು. ರಸಾಯನಶಾಸ್ತ್ರದವರು ಸಾಬೂನು ಮತ್ತು ಶಾಯಿ ಮಾಡುವುದನ್ನು ಕಲಿಸುವುದಾಗಿ ಹೇಳಿದರು. ಅರ್ಥಶಾಸ್ತ್ರದವರು ಬ್ಯಾಂಕಿನ ಪರೀಕ್ಷೆಯನ್ನು ಹಿಡಿದುಕೊಂಡರು. ಗೃಹವಿಜ್ಞಾನದ ಅಧ್ಯಾಪಕಿಯವರು ಉಪ್ಪಿನಕಾಯಿ ಎಂದರು. ಮೂರೇ ದಿನಕ್ಕೆ ಜಾಗ ತುಂಬಿತು. ನಾನು ಬಹಳ ಯೋಚಿಸಿ ‘ಸರಿಯಾಗಿ ವಿಚಾರ ಮಾಡುವ ಕಲೆ’ ಎಂದು ಫಲಕದ ಮೇಲೆ ಬರೆಸಿದೆ. ವಾರವಾದರೂ ಒಬ್ಬನೂ ಬರಲಿಲ್ಲ. ಪುಣೆಯಲ್ಲಿ ತನಗೆ ವಿಚಾರ ಮಾಡಲು ಬರುವುದಿಲ್ಲ ಎಂದು ಒಪ್ಪಿಕೊಳ್ಳುವ ಮನುಷ್ಯ ಇನ್ನೂ ಹುಟ್ಟಿಲ್ಲ ಎಂಬ ಸಂಗತಿ ನನಗೆ ಮೊದಲೇ ಹೊಳೆಯಬೇಕಿತ್ತು.

ಮನೆಯಲ್ಲಿ ನನ್ನ ಹೆಂಡತಿ ಗೋದಾವರಿ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ವಿಜಾಪುರದ ಕಡೆಯವಳು. ನನ್ನ ಶಾಸ್ತ್ರದ ಬಗ್ಗೆ ಅವಳಿಗೆ, ಗಂಡನ ಹಳೆಯ ಕೆಮ್ಮಿನ ಬಗ್ಗೆ ಇರುವಂಥ ಸಹನೆ ಇತ್ತು.

“ಹಲಗೀ ಮ್ಯಾಲ ಬರದ್ರ ಯಾರ್ ಬರ್ತಾರ್ರೀ? ಮನೀಗೆ ಹೋಗಿ, ಕುಂಕುಮ ಹಚ್ಚಿ, ಅಕ್ಷತಿ ಕೊಟ್ಟು ಕರೀಬೇಕು. ಹಂಗ ಕರದ್ರ ನಮ್ಮ ಮಂದಿ ಒಲ್ಲೆ ಅನ್ನೂದಿಲ್ಲ.”

ಇದು ಮದುವೆಯಲ್ಲ, ತರ್ಕಶಾಸ್ತ್ರ ಎಂದೆ. ತರ್ಕಶಾಸ್ತ್ರದ ಗತಿ ನೋಡಿದರೆ ಮದುವೆಯ ಹಾಗೆ ಕರೆಯುವುದೇ ವಾಸಿ ಎಂಬಂತೆ ಅವಳು ನನ್ನನ್ನು ನೋಡಿದಳು. ಮರುದಿನದಿಂದ ನಾವಿಬ್ಬರೂ ಬಿಸಿಲಿನಲ್ಲಿ ಕುಂಕುಮದ ಭರಣಿ ಹಿಡಿದುಕೊಂಡು ಹೊರಟೆವು. ನಿಗಡಿಯ ನಮ್ಮ ಕನ್ನಡದವರ ಮನೆಗಳು ಮುಗಿದವು. ದೇಹೂ ರೋಡಿನಲ್ಲಿ ಸೈನ್ಯದ ಉಗ್ರಾಣದ ಕಾರಕೂನರ ಮನೆಗಳಾದವು. ಎಲ್ಲ ಕಡೆಗೂ ಚಾಪೆ ಹಾಸಿ, ಪಾನಕ ಕೊಟ್ಟು, ಮುಹೂರ್ತ ಎಷ್ಟಕ್ಕೆ ಎಂದು ಕೇಳಿದರು. ಮಧ್ಯಾಹ್ನ ಮೂರಕ್ಕೆ ಎಂದೆ. ಯಾರೂ ಏನೆಂದು ಕೇಳಲಿಲ್ಲ. ಕುಂಕುಮ ಹಚ್ಚಿ ಕರೆದ ಮೇಲೆ ಏನೆಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಮೊದಲ ದಿನ ನನ್ನ ಜೀವಮಾನದ ವೈಭವದ ದಿನ. ಕೋಣೆ ತುಂಬಿ ಬಾಗಿಲಲ್ಲೂ ಜನ. ಹೆಂಗಸರು ಇಳಕಲ್ ಸೀರೆ ಉಟ್ಟಿದ್ದರು, ಗಂಡಸರು ಇಸ್ತ್ರಿ ಮಾಡಿದ ಟೊಪ್ಪಿಗೆ ಹಾಕಿದ್ದರು. ನನ್ನ ಮೇಜಿನ ಮೇಲೆ ಮದುವೆಗೆ ಕೊಡುವ ಉಡುಗೊರೆಯ ಹಾಗೆ ಆಹೇರಿಯ ತೆಂಗಿನಕಾಯಿ, ಕುಪ್ಪಸದ ಖಣ, ಒಂದು ಸ್ಟೀಲಿನ ಡಬ್ಬಿ ಬಂದು ಕೂತವು. ಗೋದಾವರಿ ಹಿಂದಿನ ಬೆಂಚಿನ ಮೇಲೆ ಅವಲಕ್ಕಿ ಚೂಡಾ ಮತ್ತು ಚಹಾದ ವ್ಯವಸ್ಥೆ ಮಾಡಿದ್ದಳು. ಕಿಟಕಿಯಿಂದ ಇಣುಕಿದ ಪ್ರಾಂಶುಪಾಲರು ತಲೆಗಳನ್ನು ಎಣಿಸಲು ಹೋಗಿ ಕೈಬಿಟ್ಟರು. ನಾಡಿದ್ದು ಸಂಸ್ಥೆಯ ಅಧ್ಯಕ್ಷರನ್ನೇ ಕರೆದುಕೊಂಡು ಬರುತ್ತೇನೆ, ಇಷ್ಟು ಜನ ಕಂಡರೆ ನಿಮ್ಮ ವಿಭಾಗಕ್ಕೆ ಇನ್ನು ಹೆದರಿಕೆಯಿಲ್ಲ ಎಂದು ಕಿವಿಯಲ್ಲಿ ಹೇಳಿ ಹೋದರು. ನನ್ನ ಕಣ್ಣು ಒದ್ದೆಯಾಯಿತು.

ಇಪ್ಪತ್ತು ವರ್ಷ ಮರಾಠಿ ಇಂಗ್ಲಿಷುಗಳಲ್ಲಿ ಹೇಳಿದ್ದನ್ನು ಅಂದು ಮೊದಲ ಬಾರಿ ಕನ್ನಡದಲ್ಲಿ ಹೇಳಲು ಎದ್ದೆ. ತರ್ಕದ ಮಾಸ್ತರನಿಗೆ ಮೊದಲ ಪಾಠದಲ್ಲಿ ಆಯ್ಕೆ ಇಲ್ಲ. ಯಾವ ಕಾಲದಿಂದಲೋ ಒಂದೇ ಉದಾಹರಣೆ. ಪಠ್ಯದಲ್ಲಿರುವ ಗ್ರೀಕನ ಹೆಸರು ನಮ್ಮ ಜನಕ್ಕೆ ದೂರವಾದೀತೆಂದು, ಎದುರಿಗೆ ಮೊದಲ ಸಾಲಿನಲ್ಲಿ ಕೂತಿದ್ದ ಸಂಗಪ್ಪನವರ ಕಡೆ ಕೈ ತೋರಿಸಿ ಆರಂಭಿಸಿದೆ. ಸಂಗಪ್ಪನವರೆಂದರೆ ನಮ್ಮ ಕಡೆಯ ಕಾಳಿನ ವ್ಯಾಪಾರಿ, ಎಲ್ಲರೂ ಗೌರವಿಸುವ ಹಿರಿಯರು. “ಮನುಷ್ಯರೆಲ್ಲ ಸಾಯುವವರು. ಸಂಗಪ್ಪನವರು ಮನುಷ್ಯರು. ಆದ್ದರಿಂದ ಸಂಗಪ್ಪನವರು ಸಾಯುವವರು.”

ಚೂಡಾ ಅಗಿಯುವ ಸದ್ದು ನಿಂತಿತು. ಹೆಂಗಸರು ಗಲ್ಲಕ್ಕೆ ಕೈ ಹಚ್ಚಿಕೊಂಡರು. ಸಂಗಪ್ಪನವರು ಎದೆನೋವಿನಿಂದ ಆಸ್ಪತ್ರೆಯಲ್ಲಿದ್ದು ಎರಡು ವಾರದ ಹಿಂದಷ್ಟೇ ಮನೆಗೆ ಬಂದಿದ್ದರು ಎಂಬುದು ಆ ಕೋಣೆಯಲ್ಲಿ ನನ್ನೊಬ್ಬನಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಹಿಂದಿನಿಂದ ಒಬ್ಬ ಅಜ್ಜಿ, ಶುಭಕಾರ್ಯಕ್ಕೆ ಕರೆದು ಇವನೇನು ಸಾಯುವ ಮಾತಾಡುತ್ತಾನೆ ಎಂದು ಗೊಣಗಿದಳು. ಸಂಗಪ್ಪನವರು ಮಾತ್ರ ಅಲುಗಾಡದೆ ಕೂತಲ್ಲಿಂದಲೇ ಕೇಳಿದರು:

“ಇಷ್ಟ್ ಹೇಳಾಕ ಹದಿನೈದ್ ದಿನಾ ಬೇಕೇನ್ರೀ ಸರ?”

ನನ್ನ ಶಾಸ್ತ್ರದ ಮೇಲೆ ಅದಕ್ಕಿಂತ ಸಂಕ್ಷಿಪ್ತವಾದ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

ಮರುದಿನ ಮೂರು ಗಂಟೆಗೆ ಕೋಣೆ ಖಾಲಿ. ಅಜ್ಜಿಯ ಮಾತು ಹರಡಿತೇನೋ ಎಂದು ಗಾಬರಿಯಾಗಿ, ಸಂಜೆ ಪಕ್ಕದ ಮನೆಯ ಕಾರಕೂನರನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. “ನಿನ್ನಿ ಬಂದಿದ್ವೆಲ್ರೀ, ಆಹೇರಿ ಮಾಡಿ ಹೋದ್ವಿ. ಚೂಡಾ ಭಾಳ ಛಲೋ ಆಗಿತ್ತು ನೋಡ್ರಿ.” ಅಷ್ಟೆ. ಕುಂಕುಮ ಹಚ್ಚಿ ಕರೆದರೆ ನಮ್ಮ ಮಂದಿ ಖಂಡಿತ ಬರುತ್ತಾರೆ. ಒಂದು ಸಲ ಬರುತ್ತಾರೆ. ಮುಹೂರ್ತ ಮುಗಿದ ಮನೆಗೆ ಮರುದಿನವೂ ಹೋಗಿ ಕೂಡುವವನನ್ನು ಏನೆನ್ನಬೇಕು? ಇದನ್ನು ಮುಂಚಿತವಾಗಿ ಊಹಿಸಲು ತರ್ಕಶಾಸ್ತ್ರ ಬೇಕಿರಲಿಲ್ಲ. ಬಹುಶಃ ಇದ್ದುದರಿಂದಲೇ ಹೊಳೆಯಲಿಲ್ಲ.

ಖಾಲಿ ಎಂದೆ, ಪೂರ್ತಿ ಖಾಲಿಯಲ್ಲ. ಮೊದಲ ಸಾಲಿನಲ್ಲಿ ಸಂಗಪ್ಪನವರಿದ್ದರು. ನಾನು ಕ್ಷಮೆ ಕೇಳಲು ಹೋದರೆ ತಡೆದರು. ಮನೆಯಲ್ಲಿ ಮಕ್ಕಳು ಅಂಗಡಿಗೆ ಬಿಡುವುದಿಲ್ಲವಂತೆ. ಯಾರಾದರೂ ಮಾತಾಡಿಸಲು ಬಂದರೆ ಹವೆ, ಮಾವಿನಹಣ್ಣು ಎಂದು ಮಾತು ತಿರುಗಿಸುತ್ತಾರಂತೆ. ತಾವು ಬಾಯಿ ತೆರೆದರೆ ಹೆಂಡತಿ ಅಡುಗೆಮನೆಗೆ ಎದ್ದು ಹೋಗುತ್ತಾಳಂತೆ. “ಡಾಕ್ಟರ್ ಸೈತ ಏನೂ ಆಗೂದಿಲ್ಲ ಅಂತಾನ್ರಿ. ನನ್ನ ಎದುರಿಗೆ ನಿಂತು ಖರೇ ಹೇಳಿದವ್ರು ನೀವೊಬ್ರ. ಮುಂದ ಹೇಳ್ರಿ.” ಇಪ್ಪತ್ತು ವರ್ಷದಲ್ಲಿ ಮುಂದೆ ಹೇಳ್ರಿ ಎಂದ ಮೊದಲ ವಿದ್ಯಾರ್ಥಿ. ಹೇಳಿದೆ. ನಿಯಮಕ್ಕೆ ಅಪವಾದವಿಲ್ಲದಿದ್ದರೆ ಅದು ಎಲ್ಲರಿಗೂ ಅನ್ವಯಿಸುತ್ತದೆ, ಹೊಸ ಹೆಸರು ಹಾಕಿದರೂ ತೀರ್ಮಾನ ಬದಲಾಗುವುದಿಲ್ಲ ಎಂಬಲ್ಲಿಗೆ ಅಂದಿನ ಪಾಠ ಮುಗಿಯಿತು. ಅವರು ಪ್ರತಿ ಮಾತಿಗೂ ಕಾಳು ಅಳೆಯುವವರ ಹಾಗೆ ತಲೆಯಾಡಿಸಿದರು.

ಮೂರನೆಯ ದಿನ ಅಧ್ಯಕ್ಷರು ಬಂದರು. ಎಂಬತ್ತರ ಹತ್ತಿರದ ಶ್ರೀಮಂತರು. ಕಟ್ಟಿಗೆಯ ವಖಾರಿ ಇಟ್ಟಿದ್ದರು. ಊರಿನ ಸ್ಮಶಾನಕ್ಕೂ ಅವರದೇ ಸರಬರಾಜು ಎಂದು ಕೇಳಿದ್ದೆ. ಇಷ್ಟು ಜನ ಎಂದು ಬಣ್ಣಿಸಿ ಕರೆತಂದಿದ್ದ ಪ್ರಾಂಶುಪಾಲರು ಬಾಗಿಲಲ್ಲೇ ನಿಂತು, ನನ್ನನ್ನೂ ಖಾಲಿ ಬೆಂಚುಗಳನ್ನೂ ಸಮಾನ ದುಃಖದಿಂದ ನೋಡಿದರು. ಆದರೆ ಅಧ್ಯಕ್ಷರು ಕೆಟ್ಟವರಲ್ಲ. ಒಬ್ಬನಾದರೂ ಇದ್ದಾನಲ್ಲ, ಈ ವಯಸ್ಸಿನಲ್ಲಿ ಕಲಿಯಲು ಬಂದಿದ್ದಾನಲ್ಲ ಎಂದು ಸಂತೋಷಪಟ್ಟು, ಇವರಿಗೆ ಉಪಯೋಗವಾಗಿದ್ದರೆ ವಿಭಾಗ ಇರಲಿ, ನೋಡೋಣ ಎಂದರು. ನನ್ನ ಉಸಿರು ಮರಳಿತು. ಅವರು ಸಂಗಪ್ಪನವರ ಭುಜದ ಮೇಲೆ ಕೈಯಿಟ್ಟು, ಏನು ಕಲಿತಿರಿ ಎಂದು ಮರಾಠಿಯಲ್ಲಿ ಕೇಳಿದರು.

ಸಂಗಪ್ಪನವರು ಎದ್ದು ನಿಂತರು. ತಮ್ಮ ಅಂಗಡಿಯ ಮರಾಠಿಯಲ್ಲಿ, ಯಾವ ಅವಸರವೂ ಇಲ್ಲದೆ, ನಾನು ಸಾಯುತ್ತೇನೆ ಎಂದು ಕಲಿತೆ ಎಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಳ್ಳೆಯ ವಿದ್ಯಾರ್ಥಿ ಅಲ್ಲಿಗೆ ನಿಲ್ಲಿಸುವುದಿಲ್ಲ. ಅಧ್ಯಕ್ಷರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇದು ಎಲ್ಲರಿಗೂ ಅನ್ವಯಿಸುತ್ತದೆ, ಇದಕ್ಕೆ ಅಪವಾದವಿಲ್ಲ, ಆದ್ದರಿಂದ ತಾವೂ ಸಾಯುವಿರಿ ಶೇಟಜಿ ಎಂದು ವಿನಯದಿಂದ ಸೇರಿಸಿದರು.

ಕಲಿತ ನಿಯಮವನ್ನು ಹೊಸ ಉದಾಹರಣೆಗೆ ಸರಿಯಾಗಿ ಅನ್ವಯಿಸುವ ವಿದ್ಯಾರ್ಥಿಗಾಗಿ ನಾನು ಇಪ್ಪತ್ತು ವರ್ಷ ಕಾದಿದ್ದೆ. ಸಿಕ್ಕ ಗಳಿಗೆ ಅದು. ಅಧ್ಯಕ್ಷರು ಭುಜದ ಮೇಲಿನ ಕೈಯನ್ನು ಸುಟ್ಟುಕೊಂಡವರಂತೆ ಹಿಂದಕ್ಕೆ ತೆಗೆದುಕೊಂಡರು. ಬಂದ ದಾರಿಯಲ್ಲೇ ಹೊರಟುಹೋದರು. ಐದು ನಿಮಿಷದಲ್ಲಿ ಪ್ರಾಂಶುಪಾಲರು ಮರಳಿ ಬಂದು, ಜೂನಿನಿಂದ ವಿಭಾಗಕ್ಕೆ ವಿಶ್ರಾಂತಿ ಎಂದು ತಿಳಿಸಿದರು. ಉಪ್ಪಿನಕಾಯಿ ತರಗತಿಗೆ ಭರಣಿ ಒರೆಸುವವರು ಬೇಕಾಗಿದ್ದಾರೆ, ಈ ತಿಂಗಳ ಮಟ್ಟಿಗೆ ನೋಡಿ ಎಂದೂ ಹೇಳಿದರು. ಅವರ ಧ್ವನಿಯಲ್ಲಿ ಕುಹಕವಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಸಂಗಪ್ಪನವರೂ ನಾನೂ ಬಸ್ಸಿನ ನಿಲ್ದಾಣಕ್ಕೆ ಬಂದೆವು. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ರಸ್ತೆಯಲ್ಲಿ ನಾಯಿಯೂ ಇರಲಿಲ್ಲ.

“ನಾ ತಪ್ಪ್ ಹೇಳಿದ್ನೇನ್ರೀ ಸರ?”

ಇಲ್ಲ, ಬರೋಬರಿ ಹೇಳಿದಿರಿ ಎಂದೆ. ಪೂರ್ಣ ಅಂಕ ಕೊಡುವಂಥ ಉತ್ತರ. ಅವರಿಗೆ ಸಮಾಧಾನವಾಯಿತು. ನೆರಳಿಗೆ ಸರಿದು ನಿಂತು, ಏನನ್ನೋ ಲೆಕ್ಕ ಹಾಕುವವರಂತೆ ನನ್ನನ್ನೇ ನೋಡಿದರು.

“ನಂದು ಆತು, ಶೇಟಜಿದು ಆತು. ನಿಮ್ಮ ಹೆಸರು ಹಾಕಿ ಒಮ್ಮೆ ಹೇಳ್ರಲಾ, ಕೇಳೂಣು.”

ಇದೇನು ದೊಡ್ಡದು ಎಂದುಕೊಂಡೆ. ಎಷ್ಟು ಸಾವಿರ ಸಲ ಹೇಳಿದ್ದೇನೋ. ಗಂಟಲು ಸರಿಮಾಡಿಕೊಂಡೆ. ಮನುಷ್ಯರೆಲ್ಲ ಸಾಯುವವರು ಎಂದೆ, ಸಲೀಸಾಗಿ ಬಂತು. ನಾನು ಮನುಷ್ಯ ಎಂದೆ, ಅದೂ ಬಂತು. ಆದ್ದರಿಂದ, ಎಂದೆ. ಸಂಗಪ್ಪನವರು ಕಿವಿ ಮುಂದೆ ಮಾಡಿ ಕಾಯುತ್ತಿದ್ದರು.

“ಬಸ್ ಬಂತ್ ನೋಡ್ರಿ,” ಎಂದೆ.

ಬಸ್ಸು ಬಂದಿರಲಿಲ್ಲ. ಇಬ್ಬರೂ ಖಾಲಿ ರಸ್ತೆಯ ಕಡೆ ಬಹಳ ಹೊತ್ತು, ಬಹಳ ಆಸಕ್ತಿಯಿಂದ ನೋಡುತ್ತ ನಿಂತೆವು.