ಅರ್ಧ ಬಟ್ಟಲು ಚಹಾ

ಎಲ್ಲ ತಾಪತ್ರಯಕ್ಕೂ ಮೂಲ ಒಂದೇ: ಜಿಪಾರ್ ಈ ಭೂಮಿಗೆ ಸ್ವಲ್ಪ ತಡವಾಗಿ ಬಂದಿದ್ದಳು. ನರೀನ್ ಪಟ್ಟಣದ ಮಹಿಳಾ ಹಕ್ಕುಗಳ ಕೇಂದ್ರದಲ್ಲಿ ಅವಳಿಗಿಂತ ಚಿಕ್ಕವರು ಯಾರೂ ಇರಲಿಲ್ಲ. ಮನೆಯಾಗಲಿ, ಮಹಾಸಭೆಯಾಗಲಿ, ಚಹಾ ಬಗ್ಗಿಸುವುದು ಅಲ್ಲಿರುವ ಹೆಂಗಸರಲ್ಲಿ ಎಲ್ಲರಿಗಿಂತ ಕಿರಿಯವಳ ಕೆಲಸ. ಅದೂ ಬಟ್ಟಲಿಗೆ ಅರ್ಧ ಮಾತ್ರ. ಅರ್ಧ ಕೊಟ್ಟರೆ ‘ಇನ್ನೂ ಕೂತಿರಿ, ಮತ್ತೆ ಕೊಡ್ತೀವಿ’ ಎಂದರ್ಥ. ಮತ್ತೆ ಎಂದರೆ ಮತ್ತೆ, ಮತ್ತೆ ಮತ್ತೆ.

ಕಾಲೇಜಿನಿಂದ ಇಂಟರ್ನ್ ಆಗಿ ಬಂದಾಗ ಅವಳಿಗೊಂದು ಕನಸಿತ್ತು: ದೊಡ್ಡ ದೊಡ್ಡ ನಾಯಕಿಯರನ್ನು ಕಣ್ಣಾರೆ ಕಂಡು, ಕಿವಿಯಾರೆ ಕೇಳಬೇಕು. ಕಣ್ಣಾರೆ ಕಂಡಿದ್ದಂತೂ ಆಯಿತು. ಯಾರಿಗೆ ಹಾಲು ಜಾಸ್ತಿ, ಯಾರಿಗೆ ಡಿಕಾಕ್ಷನ್ ಗಟ್ಟಿ, ಯಾರು ‘ಸಕ್ಕರೆ ಬಿಟ್ಟಿದ್ದೀನಮ್ಮಾ’ ಎನ್ನುತ್ತಲೇ ಜಾಮಿನ ತಟ್ಟೆ ಖಾಲಿ ಮಾಡುತ್ತಾರೆ, ಎಲ್ಲ ಬಾಯಿಪಾಠ. ಆದರೆ ಅವರಾಡಿದ ಒಂದೇ ಒಂದು ವಾಕ್ಯದ ಕ್ರಿಯಾಪದ ಅವಳ ಕಿವಿಗೆ ಬಿದ್ದಿರಲಿಲ್ಲ. ಅಷ್ಟರಲ್ಲಿ ಯಾರದೋ ಬಟ್ಟಲು ಮುಂದೆ ಬಂದಿರುತ್ತಿತ್ತು. ನಾಳೆ ಕಾಲೇಜಿನಲ್ಲಿ ಎದ್ದು ನಿಂತು ‘ನಾಯಕಿಯರಿಂದ ನಾನು ಕಲಿತದ್ದು’ ಎಂದು ಮಾತಾಡಬೇಕು. ಆಗದಿದ್ದರೆ ಇಂಟರ್ನ್‌ಶಿಪ್ ಮೊದಲಿನಿಂದ, ಅಂದರೆ ಚಹಾಕ್ಕೆ ನೀರು ಕಾಯಿಸುವ ಸಮೋವರಿನಿಂದ.

ಇವತ್ತು ಕೊನೆಯ ದಿನ. ಅತಿಥಿ ಸಾಲ್ಕಿನ್ ಎಜೆ. ಎಜೆ ಎಂದರೆ ಅಕ್ಕ; ಇವರು ಇಡೀ ಊರಿಗೇ ಅಕ್ಕ. ‘ಕೆಟಲು ಕೆಳಗಿಡಿ, ಮೈಕು ಕೈಗೆತ್ತಿಕೊಳ್ಳಿ!’ ಎಂಬ ಅವರ ಘೋಷಣೆ ಊರಿನ ಅರ್ಧ ಗೋಡೆಗಳ ಮೇಲಿತ್ತು. ಅವರನ್ನು ಕೇಳಲು ಜಿಪಾರ್ ಒಂದೇ ಒಂದು ಪ್ರಶ್ನೆ ಇಟ್ಟುಕೊಂಡಿದ್ದಳು: ಎಜೆ, ನಿಮಗೆ ಈ ಕೆಟಲಿನಿಂದ ಬಿಡುಗಡೆ ಸಿಕ್ಕಿದ್ದು ಯಾವಾಗ?

ಸಾಲ್ಕಿನ್ ಎಜೆ ಗಂಟಲು ಸರಿಮಾಡಿಕೊಂಡರು. “ಗವರ್ನರ್ ಬಾಗಿಲು ಹಾಕ್ಕೊಂಡ್ಬಿಟ್ಟ. ಹೊರಗೆ ನಾನೊಬ್ಳೇ. ಹಿಮ ಸುರೀತಿದೆ. ಆಗ ನಾನೇನ್ ಮಾಡ್ದೆ ಗೊತ್ತಾ...”

ನಗರಸಭೆಯ ಸದಸ್ಯೆ ಊಲ್ಕಾನ್ ಎಜೆಯ ಬಟ್ಟಲು ಗಾಳಿಯಲ್ಲಿ ತೇಲಿ ಬಂತು. ಕೆಟ್ಟ ರೇಡಿಯೋದಂಥ ಅವರ ದನಿ ಹಿಂದೆಯೇ ಬಂತು: “ಹುಡ್ಗೀ, ಬಿಸ್‌ಸಿ ಇರ್‌ರ್ಲಿ!”

ಜಿಪಾರ್ ಬಿಸಿನೀರು ತಂದಾಗ ಎಲ್ಲರೂ ಚಪ್ಪಾಳೆ ತಟ್ಟಿ ಕಣ್ಣೊರೆಸಿಕೊಳ್ಳುತ್ತಿದ್ದರು. ಗವರ್ನರನ ಗತಿ ಏನಾಯಿತೋ ಸಮೋವರಿಗೂ ಗೊತ್ತಿಲ್ಲ.

“ಏನಾಯ್ತು?” ಎಂದು ಜಿಪಾರ್ ಕೇಂದ್ರದ ಮುಖ್ಯಸ್ಥೆ ಟೊಕ್ತೊಬೂಬುವಿನ ಕಿವಿಯಲ್ಲಿ ಕೇಳಿದಳು.

“ಅಯ್ಯೋ, ಅದನ್ನ ಅವ್ರ ಬಾಯಲ್ಲೇ ಕೇಳ್ಬೇಕಿತ್ತು ಕಣೇ! ಎಲ್ಲಿಗ್ ಹೋಗಿದ್ದೆ? ಹಾಲು ತಗೊಂಬಾ.”

ಹಾಲು ತಂದಾಗ ಗಂಡ-ಹೆಂಡಿರು ಮನೆಗೆಲಸ ಹಂಚಿಕೊಳ್ಳುವ ಬಗೆಗಿನ ಮಾತು ಮುಗಿದಿತ್ತು. ಬೊರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದು ತಂದಾಗ ಹೆಣ್ಣುಮಕ್ಕಳು ಅಡಿಗೆಮನೆಯಿಂದ ಹೊರಬರುವ ದಾರಿಯ ಮಾತೂ ಮುಗಿದಿತ್ತು. ಜಿಪಾರ್ ಒಮ್ಮೆಯೂ ಕೂತಿರಲಿಲ್ಲ. ಆಯಾಸದಲ್ಲಿ ಮಿದುಳಿಗೂ ಸ್ವಲ್ಪ ಹಾಲು ಬೆರೆಯಿತೇನೋ, ಅವಳಿಗೊಂದು ಉಪಾಯ ಹೊಳೆಯಿತು. ಬಟ್ಟಲು ಪೂರ್ತಿ ತುಂಬಿಸಿಬಿಟ್ಟರೆ ಅಷ್ಟು ಹೊತ್ತಾದರೂ ಕೂತು ಕೇಳಬಹುದಲ್ಲ!

ಎಲ್ಲರ ಬಟ್ಟಲನ್ನೂ ಅಂಚಿನವರೆಗೆ ತುಂಬಿಸಿ, ಬಾಗಿಲ ಬಳಿ ಉಸ್ಸೆಂದು ಕೂತಳು.

ಯಾರೂ ಬಟ್ಟಲು ಮುಟ್ಟಲಿಲ್ಲ. ತುಂಬಿದ ಬಟ್ಟಲು ಕೊಡುವುದು, ಕುಡಿದು ಜಾಗ ಖಾಲಿ ಮಾಡಲಿ ಎಂದು ಮನೆಯವರು ಬಯಸುವ ಅತಿಥಿಗೆ ಮಾತ್ರ. ಊಲ್ಕಾನ್ ಎಜೆ ಬಟ್ಟಲನ್ನು ನೋಡಿದರು, ಜಿಪಾರಳನ್ನು ನೋಡಿದರು, ತಲೆವಸ್ತ್ರ ಬಿಗಿದುಕೊಂಡರು.

“ಓಹೋ. ಹೊರ್‌ರ್ಡಿ ಅಂತಾಯ್ತು. ಹೊರ್‌ರ್ಡೋಣ.”

“ಇಲ್ಲ ಎಜೆ, ಮಗು ಅದು, ಗೊತ್ತಾಗ್ಲಿಲ್ಲ!” ಟೊಕ್ತೊಬೂಬು ಬಾಗಿಲಿಗೆ ಅಡ್ಡ ನಿಂತಳು, ನಿಂತಲ್ಲಿಂದಲೇ ಜಿಪಾರಳ ತೋಳು ಚಿವುಟಿದಳು. “ನಿಮ್ಮಮ್ಮ ನಿಂಗಿಷ್ಟೂ ಹೇಳ್ಕೊಟ್ಟಿಲ್ವೇನೇ?”

ಬೂಟು ಹುಡುಕುವ ಗದ್ದಲದಲ್ಲಿ ಸಭೆ ಕರಗಿತು. ಜಿಪಾರಳ ಕಣ್ಣೂ ತುಂಬಿದ ಬಟ್ಟಲಾಗಿತ್ತು.

ಹೆಗಲ ಮೇಲೊಂದು ಕೈ ಬಿತ್ತು. ಸಾಲ್ಕಿನ್ ಎಜೆ. “ಯಾಕಮ್ಮಾ ಅಳ್ತೀಯ?”

“ನಿಮ್ಮನ್ನ ಒಂದ್ ಮಾತ್ ಕೇಳ್ಬೇಕಿತ್ತು ಎಜೆ. ಕೂತ್ಕೊಳ್ಳೋಕೇ ಆಗ್ಲಿಲ್ಲ.”

ಎಜೆ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದರು. “ನಿಂಗೆ ವಯಸ್ಸೆಷ್ಟು?”

“ಹತ್ತೊಂಬತ್ತು.”

ಎಜೆಯ ಮುಖ ಸಮೋವರಿನ ಹೊಟ್ಟೆಯಂತೆ ಹೊಳೆಯಿತು. “ಬಾ, ನಮ್ಮನೆಗೆ ಬಾ. ಆರಾಮಾಗಿ ಕೂತು ಮಾತಾಡೋಣ.”

ದಾರಿಯುದ್ದಕ್ಕೂ ಜಿಪಾರ್ ನಾಳೆಯ ಭಾಷಣವನ್ನು ಮನಸ್ಸಿನಲ್ಲೇ ಹೆಣೆದಳು. ಆರಾಮಾಗಿ ಕೂತು! ಆ ‘ಕೂತು’ ಎಂಬ ಪದವೇ ಕಾಲಿಗೆ ಎಣ್ಣೆ ಹಚ್ಚಿದಂತಿತ್ತು.

ಮನೆಯಲ್ಲಿ, ಬಾಗಿಲಿನಿಂದ ಅತಿ ದೂರದ ಗೌರವದ ಜಾಗದಲ್ಲಿ, ದಿಂಬುಗಳ ಗುಡ್ಡಕ್ಕೆ ಒರಗಿ ಒಬ್ಬ ಮುದುಕಿ ಕೂತಿದ್ದಳು. ಎಜೆಯ ಅತ್ತೆ.

“ಬಂದ್ಯಾ ಸೊಸೆ? ಮೈಕ್ ಹಿಡ್ದಿದ್ದು ಸಾಕಾಯ್ತಾ? ನನ್ ಗಂಟ್ಲು ಒಣಗ್ ಹೋಯ್ತು.”

ಜಿಪಾರ್ ಬಾಯಿ ಬಿಟ್ಟುಕೊಂಡು ನೋಡಿದಳು. ಗವರ್ನರನನ್ನು ಗಡಗಡ ನಡುಗಿಸಿದ ಸಾಲ್ಕಿನ್ ಎಜೆ ಪದಕ ಸಿಕ್ಕಿಸಿದ ಕೋಟು ಕಳಚಿ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯಂತೆ ತಲೆ ತಗ್ಗಿಸಿ, ಬಾಗಿಲ ಬಳಿಯ ಸಮೋವರಿನ ಮುಂದೆ ಮಂಡಿಯೂರಿ ಕೂತರು. ಕೆಟಲಿಗೆ ಕೈ ಹಾಕಿದರು.

ಹಾಕಿ, ಹಾಗೇ ನಿಲ್ಲಿಸಿದರು. “ಅತ್ತೇ, ಇವ್ಳು ಜಿಪಾರ್. ಹತ್ತೊಂಬತ್ತು.”

“ಮತ್ತೆ ನೀನ್ಯಾಕೆ ಅಲ್ ಕೂತಿದ್ದೀಯ?” ಎಂದಳು ಮುದುಕಿ. “ಎದ್ ಬಾ ಈ ಕಡೆ.”

ಎಜೆ ಎದ್ದರು. ಆ ಗೌರವದ ಜಾಗಕ್ಕೆ ಹೋಗಿ ಅತ್ತೆಯ ಪಕ್ಕದ ದಿಂಬಿಗೆ ಬೆನ್ನು ಕೊಟ್ಟರು. ಒಂದು ಕಾಲು ಚಾಚಿದರು. ಯಾರೂ ಏನೂ ಅನ್ನದ್ದನ್ನು ನೋಡಿ ಇನ್ನೊಂದನ್ನೂ ಚಾಚಿದರು. ಅವರು ಬಿಟ್ಟ ಉಸಿರಿಗೆ ಕಿಟಕಿಯ ಪರದೆ ಅಲ್ಲಾಡಿತು.

ಕೆಟಲು ಯಾವಾಗ ತನ್ನ ಕೈಗೆ ಬಂತೋ ಜಿಪಾರಳಿಗೆ ತಿಳಿಯಲಿಲ್ಲ.

“ಹಾಂ, ಕೇಳಮ್ಮಾ,” ಎಂದರು ಎಜೆ, ಕಣ್ಣು ಮುಚ್ಚಿಕೊಂಡೇ. “ಏನೋ ಕೇಳ್ಬೇಕು ಅಂದ್ಯಲ್ಲ.”

“ನಿಮಗೆ ಈ ಕೆಟಲಿನಿಂದ...” ಜಿಪಾರಳ ದನಿ ಸಣ್ಣಗಾಯಿತು, “ಬಿಡುಗಡೆ ಸಿಕ್ಕಿದ್ದು ಯಾವಾಗ ಎಜೆ?”

“ಇವತ್ತು,” ಎಂದು ಎಜೆ ಬಟ್ಟಲು ಚಾಚಿದರು. “ಅರ್ಧ ಸಾಕು ಕಣೇ. ಈ ಸಲ ತುಂಬಿಸ್ಬೇಡ.”